ಯಲ್ಲಾಪುರಕ್ಕೆ ಹೊರಟ ಲೆಕ್ಕ

ಆ ಸೋಮವಾರವೂ ಎಂದಿನಂತೆ ಒಲೆ ಹೊತ್ತಿಸಿ, ತೆಳ್ಳೇವು ದೋಸೆ ಎರೆದು, ನಮ್ಮವರ ಕೋಟಿನಿಂದ ಸೀಮೆಸುಣ್ಣದ ಪುಡಿ ಕೊಡವಿದೆ. ಅವರು ಶಿರಸಿಯ ಶಾಲೆಯಲ್ಲಿ ಗಣಿತದ ಮಾಸ್ತರರು. ವೇಗ, ದೂರ, ಕಾಲದ ಲೆಕ್ಕಗಳೆಂದರೆ ಅವರಿಗೆ ಪ್ರಾಣ. ನನಗೂ ಅಷ್ಟೇ, ಆದರೆ ನನಗೆ ಅದಕ್ಕೆ ಸಂಬಳವಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಇಂಥವನ್ನು ರಾಶಿಗಟ್ಟಲೆ ಮಾಡಿಸಿದ್ದರು. ಆ ಲೆಕ್ಕಗಳಲ್ಲಿ ಒಬ್ಬ ಊರಿನಿಂದ ಹೊರಡುತ್ತಾನೆ ಎಂದರೆ ಹೊರಟೇ ಬಿಡುತ್ತಾನೆ. ಯಾರ ಅಪ್ಪಣೆಯೂ ಬೇಡ, ಒಲೆಯ ಮೇಲೆ ಹಾಲಿಟ್ಟ ನೆನಪೂ ಇಲ್ಲ. ಅವನು ಗಂಡಸೆಂಬುದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಅಂದು ನನ್ನದೂ ಒಂದು ಲೆಕ್ಕವಿತ್ತು. ತಂಗಿ ಸುಮಿತ್ರೆ ಗಂಡ, ಮಗುವಿನೊಡನೆ ಆಫ್ರಿಕಕ್ಕೆ ಹೊರಟಿದ್ದಳು. ಕಾರವಾರದಿಂದ ಹುಬ್ಬಳ್ಳಿಗೆ ಹೋಗುವ ಅವಳ ಮೋಟಾರು ಮಧ್ಯಾಹ್ನ ಯಲ್ಲಾಪುರದಲ್ಲಿ ಊಟಕ್ಕೆ ನಿಲ್ಲುತ್ತದೆ. ನಾನು ಬೆಳಗಿನ ಮೋಟಾರು ಹಿಡಿದರೆ, ದಾರಿಯ ತಿರುವುಗಳು, ಎಂಜಿನ್ನಿಗೆ ನೀರು ಹೊಯ್ಯುವ ಹೊತ್ತು ಎಲ್ಲ ಕಳೆದರೂ ಅರ್ಧ ಗಂಟೆ ಅವಳ ಮುಖ ನೋಡಬಹುದು. ಮತ್ತೆ ನೋಡುವುದು ಯಾವ ಕಾಲಕ್ಕೋ. ನಮ್ಮವರು ಲೆಕ್ಕ ನೋಡಿ "ಸರಿ ಉಂಟು" ಎಂದರು. ಅವರಿಂದ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ. ಆಮೇಲೆ ಪಂಚಾಂಗ ತೆಗೆದರು. ಮೋಟಾರು ಹೊರಡುವುದು ನಡು ರಾಹುಕಾಲದಲ್ಲಿ.

"ಅದಕ್ಕೆಂತ, ಪ್ರಸ್ಥಾನ ಇಟ್ಟರಾಯ್ತು" ಎಂದರು. ರಾಹುಕಾಲಕ್ಕೆ ಮೊದಲೇ ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದರೆ ನಾವು ಹೊರಟಂತೆಯೇ ಲೆಕ್ಕ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಗಣಿತದ ಮಾಸ್ತರರೇ ಹೇಳಿದ ಮೇಲೆ ನಾನು ಏನೆನ್ನಲಿ? ಮಗುವಿಗೆ ಹೊಲಿದ ಕುಲಾವಿ, ತಂಗಿಗೆ ಮಿಡಿ ಉಪ್ಪಿನಕಾಯಿ ಗಂಟು ಕಟ್ಟಿ ಪಕ್ಕದ ಭಾಗೀರಥಮ್ಮನ ಒಳಮನೆಯಲ್ಲಿಟ್ಟು ಬಂದೆ.

ಸೀರೆ ಉಟ್ಟು ಗಂಟು ತರಲು ಹೋದರೆ ಅವರ ಬಾಗಿಲಿಗೆ ಬೀಗ. ಸ್ವರ್ಣವಲ್ಲಿ ಮಠಕ್ಕೆ ಹೋಗುವ ಗಾಡಿ ಸಿಕ್ಕಿತೆಂದು ಹತ್ತಿ ಹೋದರಂತೆ.

"ಗಂಟು ಇರಲಿ, ನಾನು ಹೋಗ್ತೇನೆ" ಎಂದೆ ನಮ್ಮವರಿಗೆ.

"ಮರುಳಾ ನಿಂಗೆ? ಪ್ರಸ್ಥಾನ ಬಿಟ್ಟು ಹೋಗೂದುಂಟ? ಪ್ರಯಾಣ ಅರ್ಧಕ್ಕೇ ನಿಲ್ತದೆ."

"ಶುರುವಾಗಿದ್ರೆ ತಾನೇ ನಿಲ್ಲೂದು?"

"ಗಂಟು ಆಗ್ಲೇ ಹೊರಟಾಯ್ತಲ್ಲ" ಎಂದರು, ಪ್ರಮೇಯವೊಂದನ್ನು ಸಾಧಿಸಿ ಮುಗಿಸಿದ ಸಮಾಧಾನದಲ್ಲಿ. ಪೇಟೆಯ ಕಡೆಯಿಂದ ಮೋಟಾರಿನ ಹಾರ್ನು ಕೇಳಿಸಿತು. ಅವರು ರುಮಾಲು ಸುತ್ತಿಕೊಂಡು ಶಾಲೆಗೆ ಹೋದರು. ಅಂದು ಹುಡುಗರಿಗೆ ಯಾವ ಲೆಕ್ಕ ಹೇಳಿಕೊಟ್ಟರೋ, ನಾನು ಕೇಳಲಿಲ್ಲ.

ಮಧ್ಯಾಹ್ನ ಅನ್ನ ಬಸಿಯುತ್ತ ಗೋಡೆಯ ಗಡಿಯಾರ ನೋಡಿದೆ. ಸುಮಿತ್ರೆ ಮಗುವನ್ನೆತ್ತಿಕೊಂಡು, ಶಿರಸಿಯ ಮೋಟಾರಿನಿಂದ ಇಳಿಯುವ ಒಂದೊಂದು ಮುಖವನ್ನೂ ನೋಡುತ್ತಿರಬೇಕು. ಆ ಮೋಟಾರು ಸರಿಯಾದ ಹೊತ್ತಿಗೇ ಮುಟ್ಟಿತೆಂದು ಆಮೇಲೆ ತಿಳಿಯಿತು. ನನ್ನ ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಸಂಜೆ ತುಳಸಿಗೆ ನೀರು ಹಾಕುತ್ತಿದ್ದೆ. ಗಾಡಿಯಿಂದ ಇಳಿದ ಭಾಗೀರಥಮ್ಮ, ಸೊಂಟದಲ್ಲಿ ಬೀಗದ ಕೈ ತಡಕುತ್ತ, ನನ್ನನ್ನು ಕಂಡು ನಿಂತರು.

"ಓ, ಬಂದೇ ಬಿಟ್ರಾ ಬಾಯಿ? ನೋಡಿ, ಪ್ರಸ್ಥಾನ ಇಟ್ಟು ಹೊರಟ್ರೆ ಹೀಗೆ. ಹೊತ್ತಿಗೆ ಮುಂಚೆ ಮನೆ ಸೇರ್ತೇವೆ."