ಮಾವನ ಕೊಡೆಯೂ ಮೆಲ್ಕಾರಿನ ಜಗಲಿಯೂ

೧೯೯೧ರಲ್ಲಿ, ಎಂಟನೇ ಕ್ಲಾಸಿನಲ್ಲಿ, ನಾನು ಶಾಲೆ ಬಿಟ್ಟು ಕಲ್ಲು ಹೊರಲು ಹೋದೆ. ಇನ್ನು ಪರೀಕ್ಷೆಯ ಕಾಟ ಇಲ್ಲವೆಂದು ಖುಷಿಪಟ್ಟಿದ್ದೆ. ಆದರೆ ನನ್ನ ಸೋದರಮಾವ ಇದ್ದಾರಲ್ಲ! ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಅವರ ಕೈಯಲ್ಲಿ ಪಾಸಾದ ಕಟ್ಟಡ ಒಂದೂ ಇಲ್ಲ.

ಮಾವ ಎಂಜಿನಿಯರಾ? ಅಲ್ಲ. ಪಂಚಾಯತು ಮೆಂಬರಾ? ಅದೂ ಅಲ್ಲ. ನಿವೃತ್ತ ಬಸ್ ಕಂಡಕ್ಟರ್! ಅಂದು ಜನರಿಗೆ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಿದ್ದವರು ಈಗ ಕಟ್ಟಡಗಳಿಗೆ "ಹಿಂದೆ ಹೋಗಿ" ಎನ್ನುತ್ತಾರೆ. ರಸ್ತೆಗೂ ಗೋಡೆಗೂ ನಡುವೆ ಬಿಡಬೇಕಾದ ಜಾಗವನ್ನು ಕೊಡೆಯಿಂದ ಅಳೆಯುತ್ತಾರೆ. ಕಡಿಮೆ ಬಿತ್ತೋ, ನೇರ ಪಂಚಾಯತಿಗೆ ತಕರಾರು!

ಗುರುವಾಯನಕೆರೆಯಲ್ಲಿ ಮೈಯೆಲ್ಲ ಗಾಜಿನ ಒಂದು ಕಾಂಪ್ಲೆಕ್ಸ್ ಎದ್ದಿತು. ಮಾವ ಒಳಗೆ ನುಗ್ಗಿ ಹೇಳಿದ್ದು: "ನಿಮ್ಮ ಗಾಜಿನ ಬಿಸಿಲಿಗೆ ಎದುರಿನ ಹೋಟೆಲಿನವ ಕೂಲಿಂಗ್ ಗ್ಲಾಸ್ ಹಾಕಿ ಚಾ ಸೋಸ್ತಾನೆ ಮಾರಾಯ್ರೆ!"

ಮೂಡುಬಿದಿರೆಯ ಹಾಸ್ಟೆಲಿನಲ್ಲಂತೂ ನಕ್ಷೆ ಹಿಡಿದು ಮರ ಹುಡುಕಿದರು.

"ಈ ಮರ ಎಲ್ಲುಂಟು?"

"ಅದು ಡ್ರಾಯಿಂಗಿನ ಮರ, ಅಣ್ಣ," ಎಂದ ಹಾಸ್ಟೆಲಿನ ಮಾಲಕ.

"ಹಾಗಾದ್ರೆ ಮಕ್ಕಳು ಬಾಡಿಗೆಯನ್ನೂ ಡ್ರಾಯಿಂಗಲ್ಲೇ ಕೊಡ್ಲಿ!"

ನಾನೂ ನಕ್ಕೆ. ನನ್ನ ಸರದಿ ಬರುವವರೆಗೆ.

ಊರವರ ಕಟ್ಟಡ ಕಟ್ಟೀ ಕಟ್ಟೀ, ಕೊನೆಗೆ ಮೆಲ್ಕಾರಿನಲ್ಲಿ ಬಸ್ಸು ನಿಲ್ಲುವಲ್ಲೇ ನನ್ನದೇ ಆದ ಮೂರು ಅಂಗಡಿಗೆ ನಕ್ಷೆ ಕೊಟ್ಟೆ. ಎಂಜಿನಿಯರ್ ಒಪ್ಪಿದರು. ಗ್ರಾಮಸಭೆಯಲ್ಲಿ ಕೊಡೆಯೊಂದು ಮೇಲೆದ್ದಿತು!

"ಈ ಕಟ್ಟಡಕ್ಕೆ ಕಿಸೆ ಉಂಟು, ಜಗಲಿ ಇಲ್ಲ. ಬಸ್ಸಿಗೆ ಕಾಯುವವ ಎಲ್ಲಿ ನಿಲ್ಲುವುದು?"

"ಎಲ್ಲ ನಿಯಮದ ಪ್ರಕಾರವೇ ಉಂಟು ಮಾವ!"

"ನಿಯಮಕ್ಕೆ ಮಳೆ ತಾಗುವುದಿಲ್ಲ ಅಳಿಯ."

ಸಭೆ ಚಪ್ಪಾಳೆ ತಟ್ಟಿತು. ಪಿಡಿಒ ಫೈಲು ಮಡಚಿ, "ಮಾವ-ಅಳಿಯ ಮನೆಯಲ್ಲೇ ತೀರ್ಮಾನ ಮಾಡಿ ಬನ್ನಿ" ಎಂದರು. ಮಳೆಗಾಲಕ್ಕೆ ಮೊದಲು ಅಡಿಪಾಯ ಬೀಳದಿದ್ದರೆ ಒಂದು ವರ್ಷ ಹೋಯಿತು! ಹಲ್ಲು ಕಚ್ಚಿ ಒಂದು ಅಂಗಡಿಯನ್ನೇ ಬಿಟ್ಟುಕೊಟ್ಟು, ಉದ್ದಕ್ಕೆ ಜಗಲಿ, ಕೂರಲು ಕಲ್ಲಿನ ಕಟ್ಟೆ ಮಾಡಿದೆ. ಅಂಗಡಿ ತೆರೆದ ದಿನ ಒಕ್ಕಲಿನ ಊಟದಲ್ಲೂ ಮಾವನನ್ನು ಮಾತಾಡಿಸಲಿಲ್ಲ.

ಮೊದಲ ಜೋರು ಮಳೆಗೆ ಮಾವ ಬಂದರು. ಜಗಲಿ ತುಂಬ ಜನ, ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು. ಇನ್ನೇನು ಅಳೆಯುತ್ತಾರೋ ಎಂದು ನೋಡಿದೆ. ಅವರು ಕೊಡೆ ಮಡಚಿ ಕಟ್ಟೆಯ ತುದಿಯಲ್ಲಿ ಕೂತರು.

"ಬಸ್ಸು ತುಂಬಿದ ದಿನ ಇಲ್ಲಿ ನಿಲ್ಲಿಸದೆ ರೈಟ್ ಹೇಳ್ತಿದ್ದೆ ಅಳಿಯ. ಹಿಂದಿನ ಗಾಜಲ್ಲಿ ನೋಡಿದ್ರೆ, ಎಲ್ಲರೂ ಮಳೆಯಲ್ಲೇ ನಿಂತಿರ್ತಿದ್ರು. ಎಷ್ಟೋ ಸಲ ಅದ್ರಲ್ಲಿ ನಿನ್ನ ಅಮ್ಮನೂ ಇದ್ಳು."

ನಾನು ಪಕ್ಕದ ಹೋಟೆಲಿಗೆ ಕೂಗಿ ಎರಡು ಚಾ ಹೇಳಿದೆ.

ಈಗ ನನ್ನಲ್ಲಿರುವುದು: ಒಂದು ಕಾಂಕ್ರೀಟ್ ಮಿಕ್ಸರ್, ಒಂದು ಪಿಕಪ್, ಎರಡು ಅಂಗಡಿ, ಒಂದು ಜಗಲಿ, ಒಬ್ಬರು ಮಾವ.