ನೀಲಿ ಅಂಗಿಯ ಚುಂಗು

ಇಷ್ಟಕ್ಕೆಲ್ಲ ಕಾರಣ ಕೋವಿಯ ನಳಿಗೆಯ ತುದಿಯಲ್ಲಿದ್ದ, ಗುರಿ ನೋಡುವ ಒಂದು ಹಿತ್ತಾಳೆ ಮಣಿ. ಜೋಳದ ಕಾಳಿಗಿಂತ ಚಿಕ್ಕದು. ಲೂಥರ್ ಸ್ಟಿಲ್‌ವೆಲ್ ಪ್ರತಿ ವಸಂತದಲ್ಲೂ ಆ ಮಣಿಯನ್ನು ಕಾಡು ಟರ್ಕಿ ಕೋಳಿಯ ಹುಂಜದ ಕತ್ತಿಗೆ ನೇರವಾಗಿ ಹಿಡಿದು ಗುಂಡು ಹಾರಿಸುತ್ತಿದ್ದ. ಪ್ರತಿ ವಸಂತದಲ್ಲೂ ಗುಂಡಿನ ಜೊತೆ ಹುಂಜವೂ ಹಾರಿಹೋಗುತ್ತಿತ್ತು. ತಪ್ಪು ತನ್ನದಲ್ಲ, ಮಣಿಯದು ಎಂದು ಅವನು ಚಳಿಗಾಲವಿಡೀ ಕೂತು ತೀರ್ಮಾನಿಸಿದ್ದ.

ಅಮೆರಿಕದ ಟೆನೆಸಿಯ ಬೆಟ್ಟಗಳ ನಡುವಿನ ಹಳ್ಳಿ ಪಾಪ್ಲರ್ ಗ್ಯಾಪ್‌ನಲ್ಲಿ ಗುರಿ ತಪ್ಪಿದವನಿಗೆ ಮಾಫಿ ಇಲ್ಲ. ಅವನ ಅಂಗಿಯ ಹಿಂದಿನ ಚುಂಗನ್ನು ಕತ್ತರಿಸಿ, ಮೇಲೆ ಹೆಸರು ಬರೆದು, ಹಾಯ್ಟ್‌ನ ಅಂಗಡಿಯ ಗೋಡೆಗೆ ಮೊಳೆ ಹೊಡೆಯುತ್ತಾರೆ. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಮಿಕ್ಕವರ ಚುಂಗು ಅಲ್ಲೊಂದು ಇಲ್ಲೊಂದು. ಲೂಥರನವು ಮಾತ್ರ ಒಗೆದು ಒಣಹಾಕಿದ ಬಟ್ಟೆಯ ಸಾಲಿನಂತೆ ಬಾಗಿಲಿನಿಂದ ಒಲೆಯವರೆಗೆ. ಗುರಿ ತಪ್ಪಿದ್ದನ್ನು ಬಚ್ಚಿಡಬಹುದಿತ್ತಲ್ಲ ಎಂದರೆ, ಅವನಿಗೆ ಸುಳ್ಳು ಹೇಳಲೂ ನೆಟ್ಟಗೆ ಬರುತ್ತಿರಲಿಲ್ಲ. ಊರಿನ ಟಪಾಲು ಹಂಚುವ ಕೆಲಸ ಅವನದು. ಮೋಡ ನೋಡುತ್ತ ಒಬ್ಬರ ಕಾಗದವನ್ನು ಇನ್ನೊಬ್ಬರ ಡಬ್ಬಿಗೆ ಹಾಕುವುದು, ಆಮೇಲೆ ತಾನೇ ಹೋಗಿ ಒಪ್ಪಿಕೊಳ್ಳುವುದು, ಎರಡೂ ಅವನ ನಿತ್ಯದ ಅಭ್ಯಾಸ.

ಈ ಸಲ ಒಂದು ಚೂರು ಬಟ್ಟೆಯೂ ಆ ಗೋಡೆ ಸೇರಬಾರದು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಬೇಟೆ ಶುರುವಾಗುವ ಶನಿವಾರ ಬೆಳಗ್ಗೆ ಹೆಂಡತಿ ಒಪಲ್ ಹೊಸದೊಂದು ಅಂಗಿ ಹಿಡಿದು ನಿಂತಿದ್ದಳು. ಮಳೆ ನಿಂತ ಮೇಲಿನ ಆಕಾಶದ ನೀಲಿ.

"ಕಾಡಿಗೆ ಹೋಗೋನಿಗೆ ಹೊಸ ಅಂಗಿ ಯಾಕೆ?" ಅಂದ ಲೂಥರ್.

"ಮೇಲೆ ಎಲೆ ಬಣ್ಣದ ಕೋಟು ಹಾಕ್ಕೋತೀಯಲ್ಲ, ಯಾವ ಹುಂಜ ನೋಡುತ್ತೆ? ಹಾಕ್ಕೋ."

"ಚುಂಗು ಮೊಣಕಾಲಿಗೆ ಬರ್ತಿದೆ ಕಣೆ."

"ಬಟ್ಟೆ ಮಿಕ್ಕಿತ್ತು," ಎಂದು ಒಪಲ್ ಒಲೆಯ ಕಡೆ ತಿರುಗಿದಳು.

ಹಾಯ್ಟ್‌ನ ಅಂಗಡಿಗೆ ಕಾಲಿಟ್ಟವನೇ ಲೂಥರ್ ಕನಸು ಕಂಡವನಂತೆ ನಿಂತುಬಿಟ್ಟ. ಗೋಡೆ ಬೋಳು! ಅವನ ಒಂದು ಚುಂಗೂ ಅಲ್ಲಿಲ್ಲ. ಬಿಸಿಲು ಕಿಟಕಿಯಿಂದ ಬಂದು ಬರೀ ಹಲಗೆಗಳ ಮೇಲೆ ಬೆಕ್ಕಿನಂತೆ ಮಲಗಿತ್ತು.

"ಬಣ್ಣ ಹೊಡೀಬೇಕು ಅಂತ ತೆಗೆದಿಟ್ಟೆ," ಅಂದ ಹಾಯ್ಟ್, ಲೂಥರನ ಮುಖ ನೋಡದೆ.

ಊರು ತನ್ನನ್ನು ಕ್ಷಮಿಸಿದೆ ಎಂದುಕೊಂಡ ಲೂಥರ್. ಎದೆ ಹಗುರಾಯಿತು. "ಹಾಯ್ಟ್, ಕೋವಿಗೆ ಒಂದು ಒಳ್ಳೆ ಗುರಿ ಸಾಧನ ಕೊಡು. ಮಣಿ ಸಾಕಾಯ್ತು."

ಇಷ್ಟು ಸಾಕಾಯಿತು. ಒಲೆಯ ಸುತ್ತ ಕೂತಿದ್ದವರೆಲ್ಲ ಎದ್ದರು. ಕೇಳದೆ ಸಲಹೆ ಕೊಡುವವರ ಬಾಯಿಗೆ ಬೀಗ ಜಡಿಯುವ ಕಾನೂನು ಇನ್ನೂ ಯಾವ ದೇಶದಲ್ಲೂ ಬಂದಿಲ್ಲ. ಬರಬೇಕು.

"ದುರ್ಬೀನು ಹಾಕ್ಸು," ಅಂದ ಹಾಯ್ಟ್. "ಹುಂಜದ ಕಣ್ಣಿನ ರೆಪ್ಪೆ ಎಣಿಸಬಹುದು."

"ದುರ್ಬೀನಂತೆ! ಅವನೇನು ಚಂದ್ರನ್ನ ಹೊಡೀತಾನಾ?" ಅಂದ ಶಾಲೆ ಬಸ್ಸು ಓಡಿಸುವ ಗಾರ್ಲಂಡ್. "ಹೊಳೆಯೋ ಹಸಿರು ಮಣಿ ಹಾಕು ಲೂಥರ್. ಮಬ್ಬಲ್ಲೂ ಮಿಂಚುಹುಳದ ಥರ ಕಾಣುತ್ತೆ."

"ಥೂ, ನಮ್ಮಪ್ಪ ಕಣ್ಣು ಮಂಜಾದ ಮೇಲೂ ಬರೀ ಹಿತ್ತಾಳೆ ಮಣೀಲಿ ಹೊಡೀತಿದ್ದ," ಅಂದ ಊರಿಗೇ ಹಿರಿಯ ಈನಸ್. ಹಾಗೆ ಹೇಳುತ್ತ ಲೂಥರನ ಕೋಟಿನ ಹಿಂಬದಿ ಎತ್ತಿ, ನೀಲಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. "ಬಟ್ಟೆ ಚೆನ್ನಾಗಿದೆ ಕಣಯ್ಯಾ. ಗಟ್ಟಿ."

"ಒಪಲ್ ಹೊಲಿದದ್ದು ಈನಸ್ ಮಾವ," ಎಂದು ಲೂಥರ್ ಹಿಗ್ಗಿದ.

ಮೊದಲು ಗಾರ್ಲಂಡ್‌ನ ಹಸಿರು ಮಣಿ. ಅದನ್ನು ಕೂರಿಸಲು ಹಳೆಯದನ್ನು ತಿರುಗಿಸಿ ತೆಗೆದರು. ಹಿತ್ತಾಳೆ ಮಣಿ ಗಾರ್ಲಂಡ್‌ನ ಬೆರಳಿಂದ ಜಾರಿ ನೆಲದ ಕಡಲೆಕಾಯಿ ಸಿಪ್ಪೆಯೊಳಗೆ ಮಾಯವಾಯಿತು. ಎಲ್ಲರೂ ಮಂಡಿಯೂರಿ ಹುಡುಕಿದರು. ಹುಡುಕುವಾಗ ಈನಸ್‌ನ ಬೂಟಿನಡಿ ಏನೋ ಚಟ್ಟೆಂದಿತು. ಎತ್ತಿ ನೋಡಿದರೆ ಹೊಸ ಹಸಿರು ಮಣಿ, ಎರಡು ಹೋಳು.

"ಗಟ್ಟಿ ಇರ್ಲಿಲ್ಲ ಬಿಡು," ಅಂದ ಈನಸ್.

ಆಮೇಲೆ ದುರ್ಬೀನು. ಅಂಗಡಿಯ ಹಿಂದೆ ಹುಲ್ಲಿನ ಪಿಂಡಿಗೆ ಟರ್ಕಿ ತಲೆ ಬರೆದ ಕಾಗದ ಸಿಕ್ಕಿಸಿದರು. ಲೂಥರ್ ದುರ್ಬೀನಿಗೆ ಕಣ್ಣಿಟ್ಟ. ಕಾಗದದ ಪಕ್ಕ ಅರಳಿದ ಡಾಗ್‌ವುಡ್ ಮರದ ಬಿಳಿ ಹೂವೊಂದು ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರ ತೇಲಿ ಬಂತು. ಅದರೊಳಗೊಂದು ಜೇನುಹುಳು ದೊರೆಯಂತೆ ನಡೆದಾಡುತ್ತಿತ್ತು. ಇನ್ನೂ ಹತ್ತಿರದಿಂದ ನೋಡೋಣವೆಂದು ಲೂಥರ್ ಹುಬ್ಬನ್ನೇ ಗಾಜಿಗೆ ಒತ್ತಿದ.

"ಹೊಡಿಯೋ!" ಎಂದು ಗಾರ್ಲಂಡ್ ಕೂಗಿದ.

ಲೂಥರ್ ಬೆಚ್ಚಿಬಿದ್ದು ಕೋವಿಯ ಕುದುರೆ ಎಳೆದ. ಕೋವಿ ಹಿಂದಕ್ಕೆ ಒದ್ದಿತು, ದುರ್ಬೀನು ಹುಬ್ಬಿಗೆ ಗುದ್ದಿತು. ಲೂಥರ್ ಎದ್ದಾಗ ಕಣ್ಣಿನ ಸುತ್ತ ನೇರಳೆ ಬಳೆ. ಕಾಗದದ ಹುಂಜಕ್ಕೆ ಗುಂಡಿನೊಳಗಿನ ಒಂದು ಸೀಸದ ಚರೆಯೂ ತಾಗಿರಲಿಲ್ಲ.

"ಕಾಗದಕ್ಕೆ ತಪ್ಪಿದ್ದು ಲೆಕ್ಕಕ್ಕೆ ಬರುತ್ತಾ?" ಎಂದಳು ಹಾಯ್ಟ್‌ನ ಹೆಂಡತಿ ಯೂಲಾ, ಹಿತ್ತಲ ಬಾಗಿಲಲ್ಲಿ ನಿಂತು. ಕೈಯಲ್ಲಿ ಕತ್ತರಿ.

"ಬರಲ್ಲ ಯೂಲಾ, ಸಂಜೆವರೆಗೆ ತಡ್ಕೋ," ಅಂದ ಈನಸ್. ಏನನ್ನು ತಡೆದುಕೊಳ್ಳುವುದೋ ಲೂಥರನಿಗೆ ತಿಳಿಯಲಿಲ್ಲ. ತಲೆ ಗುಂಯ್‌ಗುಡುತ್ತಿತ್ತು.

ಕೊನೆಗೆ ಹಾಯ್ಟ್ ಒಂದು ಪುಟ್ಟ ಗಾಜಿನ ಪೆಟ್ಟಿಗೆ ತಂದ. ನೋಡಿದರೆ ಒಳಗೆ ಒಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ. ಲೂಥರನಿಗೆ ಬಹಳ ಹಿಡಿಸಿತು. ಅದನ್ನೇ ಕೂರಿಸಿಕೊಂಡು ಕಾಡಿನ ದಾರಿ ಹಿಡಿದ. ದಾರಿಯುದ್ದಕ್ಕೂ ಆ ಚುಕ್ಕೆಯನ್ನು ಬೇಲಿ ಕಂಬದ ಮೇಲೆ, ಕಲ್ಲಿನ ಮೇಲೆ, ದೂರದ ಬೆಟ್ಟದ ನೆತ್ತಿಯ ಮೇಲೆ ಕೂರಿಸಿ ನೋಡಿದ. ಬೆಟ್ಟಕ್ಕೆ ಕುಂಕುಮ ಇಟ್ಟಂತಿತ್ತು. ಆಡಿ ಆಡಿ ಕಾಡಿನಂಚು ತಲುಪುವ ಹೊತ್ತಿಗೆ ಚುಕ್ಕೆ ಮಂಕಾಯಿತು. ಓಕ್ ಮರದ ಬುಡದಲ್ಲಿ ಕೂರುವಷ್ಟರಲ್ಲಿ ಆರಿಹೋಯಿತು. ಬ್ಯಾಟರಿ ಸತ್ತಿತ್ತು.

ಲೂಥರ್ ಗಾಜನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಈಗ ಕೋವಿಯ ಮೇಲೆ ಬೋಳು ನಳಿಗೆ ಬಿಟ್ಟರೆ ಏನೂ ಇಲ್ಲ. ಬೆಳಗ್ಗೆ ಇದ್ದ ಮಣಿಯೂ ಇಲ್ಲ.

ಅಳುವಷ್ಟು ಬೇಜಾರಾಯಿತು. ಆದರೆ ಆ ಮಧ್ಯಾಹ್ನ ಬೇಜಾರಿಗೆ ಹೇಳಿ ಮಾಡಿಸಿದ್ದಾಗಿರಲಿಲ್ಲ. ಎಳೆ ಎಲೆಗಳ ನಡುವಿನಿಂದ ಬಿಸಿಲು ಹನಿಹನಿಯಾಗಿ ಇಳಿಯುತ್ತಿತ್ತು. ಕೆಳಗೆ ತೊರೆ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿತ್ತು. ಲೂಥರ್ ಕೋವಿಯನ್ನು ಮಂಡಿಯ ಮೇಲಿಟ್ಟು, ಜೇಬಿನಿಂದ ಸ್ಲೇಟಿನ ಬಿಲ್ಲೆ ತೆಗೆದು ಕಡ್ಡಿಯಿಂದ ಕೆರೆದು, ಹುಂಜವನ್ನು ಕರೆಯುವ ಹೇಂಟೆಯ ದನಿ ಹೊರಡಿಸಿದ. ಮತ್ತೊಮ್ಮೆ ಕೆರೆದ. ಹುಬ್ಬು ಚುರುಗುಟ್ಟುತ್ತಿತ್ತು, ಕೋವಿಯ ಮರ ತಣ್ಣಗಿತ್ತು. ಕೆನ್ನೆಯನ್ನು ಅದಕ್ಕೊತ್ತಿ ಮಲಗಿಸಿದ. ಹಾಗೇ ನಿದ್ದೆ ಹತ್ತಿತು.

ಕನಸಿನಲ್ಲಿ ಅವನ ಚುಂಗುಗಳೆಲ್ಲ ಗೋಡೆ ಬಿಟ್ಟು ಹಕ್ಕಿಗಳಾಗಿ ಬೆಟ್ಟದ ಮೇಲೆ ಹಾರುತ್ತಿದ್ದವು. ಅದರಲ್ಲೊಂದು ಕೆಳಗಿಳಿದು, ಗಂಟಲು ತುಂಬಿ ಗಲಗಲನೆ ಕೂಗಿತು. ಲೂಥರ್ ಕಣ್ಣು ಬಿಟ್ಟ. ಎದುರಿಗೆ, ಬಿಸಿಲ ಕೋಲಿನ ನಡುವೆ, ಬಾಲ ಬಿಚ್ಚಿದ ನಿಜವಾದ ಹುಂಜ! ಕೆಂಪು ಕತ್ತು, ಎದೆಯಿಂದ ಇಳಿಬಿದ್ದ ಗಡ್ಡ. ಸುತ್ತ ಬೇರೆ ನರಪಿಳ್ಳೆಯಿಲ್ಲ. ಅರೆನಿದ್ದೆಯಲ್ಲಿ ಕೆನ್ನೆ ಎತ್ತಲೂ ಸೋಮಾರಿತನವಾಗಿ ಅವನು ಇದ್ದಲ್ಲಿಂದಲೇ ಹೊಡೆದ.

ಹುಂಜ ಬಿತ್ತು. ಅಲುಗಾಡಲಿಲ್ಲ.

ಹೊತ್ತು ಇಳಿಯುವ ಮೊದಲೇ ಲೂಥರ್ ಹುಂಜವನ್ನು ಹೆಗಲಿಗೇರಿಸಿ ಅಂಗಡಿಗೆ ಬಂದ. ಕಾಲು ನೆಲದ ಮೇಲಿರಲಿಲ್ಲ. ಒಳಗೆ ಅರ್ಧ ಊರು ನೆರೆದಿತ್ತು, ಚರ್ಚಿನ ಹೆಂಗಸರು, ಒಪಲ್ ಸಮೇತ. ಅವನನ್ನು ಕಂಡು ಜೈಕಾರ ಏಳಬಹುದೆಂದು ಬಾಗಿಲಲ್ಲಿ ನಿಂತ.

"ಅಯ್ಯಯ್ಯೋ," ಅಂದ ಹಾಯ್ಟ್, ಸಾವಿನ ಮನೆಗೆ ಬಂದವನಂತೆ.

"ಹೊಡೆದೇಬಿಟ್ಟೆಯೇನೋ ಪಾಪಿ," ಅಂದ ಗಾರ್ಲಂಡ್. "ಯಾವುದರಲ್ಲಿ ಗುರಿ ಇಟ್ಟೆ?"

"ಯಾವುದರಲ್ಲೂ ಇಲ್ಲ. ಕೆನ್ನೆ ಇಟ್ಕೊಂಡು ನಿದ್ದೆ ಹೊಡೀತಿದ್ದೆ."

ಈನಸ್ ನಿಟ್ಟುಸಿರು ಬಿಟ್ಟ. "ಅದೇ ನೋಡು. ಹೊಡೆಯೋ ಹೊತ್ತಿಗೆ ನೀನು ಹುಂಜ ನೋಡೋಕೆ ಅಂತ ಪ್ರತಿ ಸಲ ತಲೆ ಎತ್ತಿಬಿಡ್ತಿದ್ದೆ. ಅದಕ್ಕೇ ಚರೆಯೆಲ್ಲ ಮೇಲೆ ಹೋಗ್ತಿತ್ತು. ಊರಿಗೆಲ್ಲ ಗೊತ್ತಿತ್ತು."

"ಗೊತ್ತಿದ್ದರೆ ಹೇಳಬಾರದಾ ಮಾವ?"

ಯೂಲಾ ಮತ್ತು ಒಪಲ್ ಸೇರಿ ಕಟ್ಟೆಯ ಮೇಲಿನ ಗಂಟು ಬಿಚ್ಚಿದರು. ದೊಡ್ಡದೊಂದು ಕೌದಿ ಹರಡಿಕೊಂಡಿತು. ಹಸಿರು ಚೌಕಳಿ, ಕೆಂಪು ಗೀರು, ಮಾಸಿದ ಕಂದು. ಲೂಥರ್ ಒಂದೊಂದನ್ನೂ ಗುರುತು ಹಿಡಿದ. ಎಲ್ಲ ಅವನ ಚುಂಗುಗಳೇ. ನಟ್ಟನಡುವೆ ಒಂದು ಚೌಕ ಖಾಲಿ. ಅದರ ಸುತ್ತ ನೀಲಿ ದಾರದಲ್ಲಿ ಮುದ್ದಾದ ಅಕ್ಷರಗಳನ್ನು ಕಸೂತಿ ಮಾಡಿದ್ದರು: "ಲೂಥರ್ ಸ್ಟಿಲ್‌ವೆಲ್. ಈ ವಸಂತದಲ್ಲೂ ಗುರಿ ತಪ್ಪಿತು."

"ನಾಳೆ ಚರ್ಚಿನ ಊಟದ ಮನೆ ಗೋಡೆಗೆ ತೂಗುಹಾಕ್ಬೇಕು," ಅಂದಳು ಯೂಲಾ. "ಚಳಿಗಾಲ ಪೂರ್ತಿ ಕೂತು ಹೊಲಿದಿದ್ದೀವಿ. ನಡುವೆ ನೀಲಿನೇ ಒಪ್ಪುತ್ತೆ ಅಂತ ಬಟ್ಟೆ ಆರಿಸಿದ್ದು ಒಪಲ್."

"ನಾನು ತಪ್ಪಲಿಲ್ಲವಲ್ಲ! ನೋಡಿ, ಹುಂಜ!"

"ಹುಂಜ ಸರಿ," ಅಂದಳು ಒಪಲ್, ಮೆಲ್ಲಗೆ ಅವನ ಕೋಟು ಎತ್ತುತ್ತ. "ಇಷ್ಟು ಕಸೂತಿ ಬಿಚ್ಚೋರು ಯಾರು? ಆ ಕಡೆ ತಿರುಗು."

ಕತ್ತರಿ ಕರಕರ ಸದ್ದು ಮಾಡಿತು.

ಮಾರನೆಯ ದಿನ ಲೂಥರನ ಹುಂಜವನ್ನು ಚರ್ಚಿನ ಊಟಕ್ಕೇ ಬೇಯಿಸಿದರು. ಪರವೂರಿಂದ ಬಂದಿದ್ದ ಪಾದ್ರಿಗಳು ಕೌದಿಯ ಕೆಳಗೆ ಕೂತು ತೊಡೆಯ ಮಾಂಸ ಚಪ್ಪರಿಸಿದರು. ಕತ್ತೆತ್ತಿ ಅಕ್ಷರ ಓದಿದರು. ಕಣ್ಣು ಒದ್ದೆಯಾಯಿತು.

"ಪಾಪ, ಎಂಥ ನತದೃಷ್ಟ! ಅಂದಹಾಗೆ ಈ ಹುಂಜ ಹೊಡೆದ ಪುಣ್ಯಾತ್ಮ ಯಾರು? ಅವರ ಹತ್ರ ಈ ಲೂಥರ್ ಅನ್ನೋರನ್ನ ನಾಲ್ಕು ದಿನ ಕಲಿಯೋಕೆ ಬಿಡಬಾರದಾ?"

ಲೂಥರ್ ಬಾಯಿ ತೆರೆದ. ಒಪಲ್ ಅದಕ್ಕೊಂದು ತುಂಡು ಜೋಳದ ರೊಟ್ಟಿ ಇಟ್ಟಳು.