ಬಸಳೆ ಎಸೆದು ಹಿಡಿದ ಸೀಟು

ಓದುಗರೇ, ನೇರವಾಗಿ ಕೇಳಿಬಿಡುತ್ತೇನೆ: ಸರಕಾರಿ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಎಸೆದವರಿಗೆ ಆ ಸೀಟಿನ ಮೇಲೆ ಹಕ್ಕು ಹುಟ್ಟುತ್ತದೆಯೇ? ಸಂವಿಧಾನದಲ್ಲಿ ಹುಡುಕಿದ್ದೇನೆ, ಸಿಕ್ಕಿಲ್ಲ. ಆದರೂ ಪುತ್ತೂರು ಬಸ್ ನಿಲ್ದಾಣದಲ್ಲಿ ಈ ಹಕ್ಕು ಜಾರಿಯಲ್ಲಿದೆ. ಅದರ ಮುಖ್ಯ ಜಾರಿ ಅಧಿಕಾರಿ ನನ್ನ ಚಿಕ್ಕಮ್ಮ. ಸಾರ್ವಜನಿಕ ಆಸ್ತಿಯನ್ನು ಇಷ್ಟು ರಾಜಾರೋಷವಾಗಿ ಒತ್ತುವರಿ ಮಾಡಿದವರು ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಇನ್ನೊಬ್ಬರಿಲ್ಲ!

ಚಿಕ್ಕಮ್ಮ ಕರವಸ್ತ್ರ ಎಸೆಯುವವರಲ್ಲ. ಬಸಳೆ ಎಸೆಯುತ್ತಾರೆ. ನಿಲ್ದಾಣದ ನಳ್ಳಿಯಡಿ ಹಿಡಿದು ತೊಳೆದ, ಇನ್ನೂ ನೀರು ಸೋರುತ್ತಿರುವ, ತೋಳುದ್ದದ ಬಸಳೆಯ ಕಟ್ಟು. ಬಸ್ಸು ನಿಲ್ಲುವ ಮೊದಲೇ ಅದು ಕಿಟಕಿಯೊಳಗೆ ಹಾರಿ ಸೀಟಿನ ಮೇಲೆ ಅಂಗಾತ ಮಲಗಿರುತ್ತದೆ.

“ಕರ್ಚೀಪು ಆದ್ರೆ ಬದಿಗೆ ದೂಡಿ ಕೂತ್ಕೊಳ್ತಾರೆ ಮಾರಾಯ. ಒದ್ದೆ ಬಸಳೆಯ ಮೇಲೆ ಕೂರ್ಲಿಕ್ಕೆ ಯಾರಿಗೆ ಧೈರ್ಯ ಉಂಟು?” ಎಂಬುದು ಅವರ ಸಿದ್ಧಾಂತ. ನಾನು ಓದಿದ ಯಾವ ರಾಜನೀತಿಯ ಗ್ರಂಥದಲ್ಲೂ ಇಷ್ಟು ದೋಷರಹಿತವಾದ ಸಿದ್ಧಾಂತವನ್ನು ಕಂಡಿಲ್ಲ.

ಇನ್ನು ನನ್ನ ವಿಚಾರ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫಲಕಗಳನ್ನು ಗೆದ್ದವನು ನಾನು. ಆ ಚಟ ಇನ್ನೂ ಬಿಟ್ಟಿಲ್ಲ. ಎದುರಾಳಿ ಸಿಗದ ದಿನ ಕನ್ನಡಿಯ ಮುಂದೆ ನಿಂತು ವಾದಿಸಿದ್ದೇನೆ; ಕೆಲವೊಮ್ಮೆ ಸೋತಿದ್ದೇನೆ. ಪಾಠ ಮಾಡುವ ಕೆಲಸ ನನಗಿಲ್ಲದಿದ್ದರೂ ಊರವರು ‘ಮಾಸ್ಟ್ರು’ ಎನ್ನುತ್ತಾರೆ, ಮಾತು ನಿಲ್ಲಿಸದ ಕಾರಣಕ್ಕೆ. ನನ್ನ ಪ್ರೀತಿಯ ವಿಷಯ ಒಂದೇ: ಕಲ್ಯಾಣರಾಜ್ಯ. ಅನ್ನ, ಆರೋಗ್ಯ, ವಿದ್ಯೆ, ಸಂಚಾರ, ಇವು ದಯೆಯಿಂದ ಸಿಗಬೇಕಾದವಲ್ಲ, ಪ್ರಜೆಯ ಹಕ್ಕು. ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದಾಗ ನಾನು ಊರೂರು ಸುತ್ತಿ ಅದನ್ನು ಸಮರ್ಥಿಸಿದೆ. ಪಂಜದಲ್ಲಿ ಮೈಕು ಕೆಟ್ಟುಹೋಯಿತು. ಭಾಷಣದ ಅತ್ಯುತ್ತಮ ಭಾಗ ಅದೇ ಎಂದು ಸಭಿಕರು ಹೇಳಿದರಂತೆ.

ಸುಳ್ಯದಲ್ಲಿ ಮೈಕು ಸರಿಯಿತ್ತು. ಅದೇ ತೊಂದರೆಯಾಯಿತು. ಭಾಷಣ ಮುಗಿದೊಡನೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು.

“ನೀವು ಹೇಳಿದ್ದು ಚಂದ ಆಯ್ತು ಮಾರಾಯ್ರೆ. ಆದ್ರೆ ಪುತ್ತೂರು–ಕಡಬ ಬಸ್ಸಲ್ಲಿ ಯಾರೋ ಒಬ್ಬರು ಹೆಂಗಸು ಕೆಲಸ ಇಲ್ಲದೆ ಹೋಗುದು ಬರುದು ಮಾಡ್ತಾರಂತೆ, ಬಸಳೆ ಹಿಡ್ಕೊಂಡು! ಅದಕ್ಕೆ ನಿಮ್ಮ ಕಲ್ಯಾಣರಾಜ್ಯ ಎಂತ ಹೇಳ್ತದೆ?”

ಸಭೆ ಗೊಳ್ಳೆಂದು ನಕ್ಕಿತು. “ಅದೊಂದು ಅಪವಾದ” ಎಂದೆ. ಅಪವಾದದ ಮನೆಯಲ್ಲೇ ಬೆಳಿಗ್ಗೆ ನೀರುದೋಸೆ ತಿಂದು ಬಂದಿದ್ದೇನೆಂದು ಹೇಳಲಿಲ್ಲ.

ಮರುದಿನವೇ ರಾಮಕುಂಜದ ಆ ಮನೆಗೆ ಮತ್ತೆ ಹೋಗಿ ಚಿಕ್ಕಮ್ಮನನ್ನು ವಿಚಾರಣೆಗೆ ಒಳಪಡಿಸಿದೆ. ಸವಲತ್ತಿನ ದುರ್ಬಳಕೆ ಹೇಗೆ ಇಡೀ ವ್ಯವಸ್ಥೆಯ ನೈತಿಕ ಬುನಾದಿಯನ್ನೇ ಅಲುಗಾಡಿಸುತ್ತದೆ ಎಂದು ವಿವರಿಸುತ್ತಿದ್ದೆ. ಅವರು ಬಸಳೆಯ ದಂಟು ಮುರಿಯುತ್ತಾ ಕೇಳಿದರು, “ಸರಕಾರ ಟಿಕೆಟ್ ಕೊಟ್ಟಿತು ಸರಿ. ಸೀಟು ಕೊಟ್ಟಿತಾ?”

“ಯಾರಿಗೆ?”

“ಐಸಮ್ಮನಿಗೆ.”

ಆಗ ತಿಳಿಯಿತು. ಕೊಯಿಲದ ಐಸಮ್ಮ ಚಿಕ್ಕಮ್ಮನ ಜತೆ ಬೀಡಿ ಕಟ್ಟಿದವರು. ಇಬ್ಬರೂ ಬೀಡಿ ಕಂಪೆನಿಯ ಒಂದೇ ಬ್ರಾಂಚಿಗೆ ಬೀಡಿ ಕೊಡುತ್ತಿದ್ದರು. ಈಗ ಐಸಮ್ಮನ ಕಿಡ್ನಿ ಕೈಕೊಟ್ಟಿದೆ. ಸೋಮವಾರ, ಗುರುವಾರ ಪುತ್ತೂರಿನ ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್. ಮುಗಿಸಿಕೊಂಡು ನಿಲ್ದಾಣಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ತುಂಬಿರುತ್ತದೆ. ಜನ ಹೆಚ್ಚಾದರು, ಬಸ್ಸು ಹೆಚ್ಚಾಗಲಿಲ್ಲ. ಒಮ್ಮೆ ನಿಂತೇ ಹೊರಟವರು ಉಪ್ಪಿನಂಗಡಿ ಮುಟ್ಟುವ ಮೊದಲು ಕುಸಿದು ಬಿದ್ದಿದ್ದರು. ಅಂದಿನಿಂದ ಚಿಕ್ಕಮ್ಮ ಆ ಎರಡು ದಿನ ಮೊದಲೇ ಪುತ್ತೂರಿಗೆ ಹೋಗಿ, ಸೀಟು ಹಿಡಿದು, ಐಸಮ್ಮನನ್ನು ಕೂರಿಸಿ, ತಾವು ನಿಂತು ಬರುತ್ತಾರೆ.

“ಆಸ್ಪತ್ರೆ ಧರ್ಮಕ್ಕೆ, ಬಸ್ಸು ಧರ್ಮಕ್ಕೆ. ನಿಲ್ಲುವ ಕಾಲು ಮಾತ್ರ ಅವಳದ್ದೇ ಅಲ್ವ?”

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. “‘ಧರ್ಮಕ್ಕೆ’ ಎನ್ನಬಾರದು ಚಿಕ್ಕಮ್ಮ, ಅದು ಪುಕ್ಕಟೆಯಲ್ಲ. ಅದು ಹಕ್ಕು.”

“ಓ, ಹಾಗಾದ್ರೆ ಹಕ್ಕಿನಿಂದಲೇ ಬೀಳು ಅಂತ ಹೇಳ್ಲಾ ಅವಳಿಗೆ?”

“ಹಾಗಲ್ಲ! ಇದು ವ್ಯವಸ್ಥೆಯ ಸಮಸ್ಯೆ. ಬಸ್ಸುಗಳು ಹೆಚ್ಚಬೇಕು, ಅದಕ್ಕೆ ತೆರಿಗೆಯ ನೆಲೆ ವಿಸ್ತಾರಗೊಳ್ಳಬೇಕು…”

“ಆಯ್ತು, ವಿಸ್ತಾರ ಮಾಡು. ಗುರುವಾರದ ಒಳಗೆ ಆಗ್ತದಾ?”

ಆಗಲಿಲ್ಲ. ಬದಲಿಗೆ ಬುಧವಾರ ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಕಾಲು ಉಳುಕಿಸಿಕೊಂಡರು. “ನಾಳೆ ನೀನೇ ಹೋಗು. ಐಸಮ್ಮ ನಿಂತು ಬಂದ್ರೆ ಮನೆ ಮುಟ್ಲಿಕ್ಕಿಲ್ಲ. ಬಸಳೆ ಕೊಯ್ದು ಇಟ್ಟಿದ್ದೇನೆ” ಎಂದರು. ತತ್ತ್ವನಿಷ್ಠನಾದ ನಾನು ಸೊಪ್ಪು ಎಸೆಯುವುದೇ? ಇಸ್ತ್ರಿ ಹಾಕಿದ ಕರವಸ್ತ್ರ ತೆಗೆದುಕೊಂಡೆ.

ಒಪ್ಪಬೇಕು, ಗುರುವಾರ ಪುತ್ತೂರಿನಲ್ಲಿ ನನ್ನ ಎಸೆತ ಚೆನ್ನಾಗಿಯೇ ಇತ್ತು. ಕಿಟಕಿಯ ಬದಿಯ ಸೀಟಿನಲ್ಲಿ ಕರವಸ್ತ್ರ, ಪಕ್ಕದಲ್ಲಿ ನಾನು. ಅಷ್ಟರಲ್ಲಿ ಹೆಗಲಿಗೆ ರಬ್ಬರ್ ಶೀಟಿನ ವಾಸನೆಯ ಚೀಲ ಹಾಕಿಕೊಂಡ ಒಬ್ಬರು ಬಂದರು.

“ಇಲ್ಲಿ ಜನ ಉಂಟಾ?”

“ಬರಲಿಕ್ಕುಂಟು.”

“ಬಾರದವರಿಗೆ ಸೀಟು, ಬಂದವರು ನಿಲ್ಲುದಾ? ಇದು ಯಾವ ನ್ಯಾಯ ಸರ್?”

ಎಂಥ ವಾದ! ಸಂಕ್ಷಿಪ್ತ, ಸಮತೋಲಿತ, ಸಮಾನತೆಯ ತತ್ತ್ವಕ್ಕೆ ಸಂಪೂರ್ಣ ಬದ್ಧ. ಎದುರಾಳಿಯ ಮಾತಿನಲ್ಲಿ ಸತ್ಯವಿದ್ದರೆ ಒಪ್ಪಬೇಕೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಮೆಚ್ಚುಗೆಯಿಂದ ತಲೆದೂಗಿದೆ, ಕರವಸ್ತ್ರ ಎತ್ತಿದೆ. ಅವರು ಕುಳಿತರು. ಬೆನ್ನಿಗೇ ಮೊಮ್ಮಗುವನ್ನು ಎತ್ತಿಕೊಂಡ ಅಜ್ಜಿಯೊಬ್ಬರು ಬಂದರು. ಅಗತ್ಯವುಳ್ಳವರಿಗೆ ಆದ್ಯತೆ ಎಂಬುದು ನನ್ನದೇ ಭಾಷಣದ ಸಾಲು! ನಾನೂ ಎದ್ದೆ. ಹೀಗೆ ಬಸ್ಸು ಚಾಲೂ ಆಗುವ ಮೊದಲೇ, ಅತ್ಯುನ್ನತ ಆದರ್ಶಗಳ ಬೆಳಕಿನಲ್ಲಿ, ಎರಡೂ ಸೀಟುಗಳನ್ನು ಕಳೆದುಕೊಂಡಿದ್ದೆ.

ಐಸಮ್ಮ ಹತ್ತಿದರು. ಕೈಗೆ ಬಿಳಿ ಪಟ್ಟಿ ಸುತ್ತಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ಸೀಟುಗಳತ್ತ ಒಮ್ಮೆ ಕಣ್ಣು ಹಾಯಿಸಿ ನನ್ನನ್ನು ನೋಡಿದರು.

“ಎಂತ ಮಾಸ್ಟ್ರೆ, ಚಿಕ್ಕಮ್ಮ ಬರ್ಲಿಲ್ವಾ?”

“ಕಾಲು ಉಳುಕಿದೆ. ನಾನು…”

“ಓ. ಅಡ್ಡಿಯಿಲ್ಲ, ಅಡ್ಡಿಯಿಲ್ಲ” ಎಂದು ಪಟ್ಟಿಯಿಲ್ಲದ ಕೈಯಲ್ಲಿ ಕಂಬಿ ಹಿಡಿದರು.

ಬಸ್ಸು ಹೊರಟಿತು. “ಮಾನ್ಯ ಸಹಪ್ರಯಾಣಿಕರೇ” ಎಂದು ಆರಂಭಿಸಿದೆ. “ಹಿಂದೆ ಹೋಗಿ, ಹಿಂದೆ ಹೋಗಿ” ಎಂದ ಕಂಡಕ್ಟರ್, ಮಾನ್ಯ ಭಾಷಣಕಾರನನ್ನೂ ಸೇರಿಸಿ. ತಿರುವಿನಲ್ಲಿ ಐಸಮ್ಮನ ಬೆರಳುಗಳು ಕಂಬಿಯಿಂದ ಒಂದೊಂದೇ ಜಾರುವುದು ಕಂಡಿತು. ಪೀಠಿಕೆ, ವಾದ, ಉಪಸಂಹಾರ ಎಲ್ಲವನ್ನೂ ಬಿಟ್ಟು ಕೂಗಿದೆ:

“ಅಯ್ಯೋ, ಇವರು ಬೀಳ್ತಾರೆ! ಡಯಾಲಿಸಿಸ್ ಆಗಿ ಬಂದದ್ದು! ಯಾರಾದ್ರೂ ಒಬ್ಬರು ಏಳಿ ಮಾರಾಯ್ರೆ!”

ಮೊದಲು ಎದ್ದವರು ವಾದದಲ್ಲಿ ನನ್ನನ್ನು ಸೋಲಿಸಿದ್ದ ರಬ್ಬರಿನವರೇ. ಐಸಮ್ಮನ ತೋಳು ಹಿಡಿದು ಕೂರಿಸುತ್ತಾ ನನ್ನನ್ನು ಗದರಿಸಿದರು, “ಇದನ್ನು ಆಗಲೇ ಹೇಳ್ಬಾರ್ದಾ ಸರ್? ನ್ಯಾಯ ಕೇಳಿದ್ದಕ್ಕೆ ತಲೆ ಆಡಿಸ್ತಾ ಕೂತ್ರಿ!”

ಐಸಮ್ಮ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದರು. ಉಪ್ಪಿನಂಗಡಿ ದಾಟಿದ ಮೇಲೆ ಕಣ್ಣು ಬಿಟ್ಟವರು, ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಕಿಟಕಿಯತ್ತ ಇನ್ನಷ್ಟು ಸರಿದರು. ಅದನ್ನು ಕಂಡು ಅಜ್ಜಿಯೂ ಮಗುವನ್ನು ಮಡಿಲಿಗೆಳೆದುಕೊಂಡು ಸರಿದರು. ಸೀಟಿನ ತುದಿಯಲ್ಲಿ ಒಂದು ಗೇಣು ಜಾಗವಾಯಿತು.

“ಬನ್ನಿ ಮಾಸ್ಟ್ರೆ, ಕೂತ್ಕೊಳ್ಳಿ. ನಿಮಗೂ ಕಾಲು ನೋಯ್ತದೆ ಅಲ್ವ?”

ಆ ಒಂದು ಗೇಣಿನಲ್ಲಿ ಕೂತೆ. ಕೊಯಿಲದವರೆಗೂ ಕೂತೇ ಬಂದೆ.

ಬಸ್ಸುಗಳು ಹೆಚ್ಚಬೇಕೆಂದು ನಾನು ವಾದಿಸುತ್ತಲೇ ಇರುತ್ತೇನೆ. ಅದು ನನ್ನ ಕೆಲಸ. ನಿಮ್ಮಲ್ಲಿ ಕೇಳುವುದು ಇಷ್ಟೇ: ಸೋಮವಾರವೋ ಗುರುವಾರವೋ ಮಧ್ಯಾಹ್ನದ ಕಡಬ ಬಸ್ಸಿನಲ್ಲಿ ನಿಮಗೆ ಸೀಟು ಸಿಕ್ಕಿದ್ದರೆ, ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಹತ್ತಿದವರನ್ನು ಕಂಡಾಗ ದಯವಿಟ್ಟು ಎದ್ದು ನಿಲ್ಲಿ.